ಬೀಗ ಇದೆ, ಸ್ವೀಕೃತಿ ಎಲ್ಲಿ?

ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯನ್ನು ಊಹಿಸಿಕೊಳ್ಳಿ. ಪುಣೆಯ ದೊಡ್ಡ ಕಂಪನಿಯೊಂದಕ್ಕೆ ಕಾಸ್ಟಿಂಗ್ ಕಳಿಸಿ ತಿಂಗಳು ದಾಟಿದೆ. ಸರಕು ಇಳಿಸಿಕೊಂಡ ಗೇಟಿನಲ್ಲಿ ಸಹಿ, ಸೀಲು ಬಿದ್ದ ಚಲನ್ ಫೈಲಿನಲ್ಲಿದೆ. ಬಿಲ್ಲು ಮಾತ್ರ ಇಮೇಲಿನಲ್ಲಿ ಹೋಗಿದೆ. ಹಣ ಬರಲಿಲ್ಲವಲ್ಲ ಎಂದು ಫೋನ್ ಮಾಡಿದರೆ ಅಕೌಂಟ್ಸಿನವರ ಉತ್ತರ: "ನಿಮ್ಮ ಇನ್‌ವಾಯ್ಸ್ ನಮಗೆ ಬಂದೇ ಇಲ್ಲ ಸರ್, ಇನ್ನೊಂದು ಸಲ ಕಳಿಸಿಬಿಡಿ." ಇನ್ನೊಂದು ಸಲ ಕಳಿಸಿದ ದಿನದಿಂದ ಎಣಿಕೆ ಹೊಸದಾಗಿ ಶುರು.

ಇಲ್ಲಿ ಯಾರೂ ಯಾರ ಫೈಲನ್ನೂ ಕದ್ದಿಲ್ಲ. ಅದು ತಲುಪಿತು ಎನ್ನುವುದಕ್ಕೆ ಕಳಿಸಿದವನ ಕೈಯಲ್ಲಿ ಏನೂ ಇಲ್ಲ, ಅಷ್ಟೇ. ಕಂಪನಿಗಳ ನಡುವೆ ಕಾಗದಪತ್ರಗಳ ಸುರಕ್ಷಿತ ವಿನಿಮಯ ಎಂದಾಗ ನಾವು ಮಾತಾಡುವುದೆಲ್ಲ ಬೀಗದ ಬಗ್ಗೆ: ಎನ್‌ಕ್ರಿಪ್ಶನ್, ಪಾಸ್‌ವರ್ಡ್, ಫೈರ್‌ವಾಲ್. ವಾಟ್ಸಾಪಿಗೂ 2016ರಿಂದ ಆ ಬೀಗ ಇದೆ. ಆದರೆ ನೀಲಿ ಟಿಕ್ ಬೇಡವೆಂದರೆ ಅದನ್ನು ಓದುವವನೇ ಆಫ್ ಮಾಡಿಕೊಳ್ಳಬಹುದು. ಹಳೆಯ ರಿಜಿಸ್ಟರ್ಡ್ ಅಂಚೆಯ ಜೊತೆ ವಾಪಸು ಬರುತ್ತಿದ್ದ ಸ್ವೀಕೃತಿ ಕಾರ್ಡಿಗೆ ಇದ್ದ ಬೆಲೆ ಇದಕ್ಕಿಲ್ಲ.

ತಂತ್ರಜ್ಞಾನ ಈ ಸಮಸ್ಯೆಯನ್ನು ಬಿಡಿಸಿಲ್ಲವೇ ಎಂದರೆ, ಬಿಡಿಸಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಎಎಸ್2 ಎಂಬ ಪದ್ಧತಿಯನ್ನು ಅಮೆರಿಕದ ವಾಲ್‌ಮಾರ್ಟ್ 2002ರಲ್ಲಿ ತನ್ನ ಪೂರೈಕೆದಾರರಿಗೆ ಕಡ್ಡಾಯ ಮಾಡಿತು. 2005ರಲ್ಲಿ ಅದು ಆರ್‌ಎಫ್‌ಸಿ 4130 ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದ ಮಾನದಂಡವಾಯಿತು. ಫೈಲಿಗೆ ಬೀಗ ಹಾಕಿ, ಸಹಿ ಮಾಡಿ ಕಳಿಸುವುದು ಅದರ ಅರ್ಧ ಮಾತ್ರ. ಉಳಿದ ಅರ್ಧ, ಎಂಡಿಎನ್ ಎಂಬ ಮರುಸಂದೇಶ. ಫೈಲು ಮುಟ್ಟಿದ ಕೂಡಲೇ ಆ ಕಡೆಯ ಯಂತ್ರ ಅದರ ಅಕ್ಷರ ಅಕ್ಷರವನ್ನೂ ಲೆಕ್ಕ ಹಾಕಿ ಒಂದು ಬೆರಳಚ್ಚು ತೆಗೆಯುತ್ತದೆ. ಅದಕ್ಕೆ ತನ್ನ ಡಿಜಿಟಲ್ ಸಹಿ ಹಾಕಿ ವಾಪಸು ಕಳಿಸುತ್ತದೆ. ಕಳಿಸಿದವನು ತನ್ನ ಪ್ರತಿಯ ಬೆರಳಚ್ಚಿನೊಂದಿಗೆ ಅದನ್ನು ತಾಳೆ ನೋಡಿದರೆ ಮುಗಿಯಿತು. ಆಮೇಲೆ "ಬಂದಿಲ್ಲ" ಎನ್ನಲಾಗದು, "ಬಂದದ್ದು ಬೇರೆ ಬಿಲ್ಲು" ಎಂದೂ ಹೇಳಲಾಗದು.

ನಮ್ಮ ಕಾನೂನಿಗೂ ಇದು ಹೊಸದಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 12ನೇ ಕಲಮು ಇರುವುದೇ ಸ್ವೀಕೃತಿಯ ಬಗ್ಗೆ. ಯಂತ್ರ ತಾನಾಗಿ ಕಳಿಸಿದ ಸ್ವೀಕೃತಿಯನ್ನೂ ಅದು ಒಪ್ಪುತ್ತದೆ. 13ನೇ ಕಲಮು, ವಿದ್ಯುನ್ಮಾನ ದಾಖಲೆ ಯಾವಾಗ ತಲುಪಿದಂತೆ ಎಂದು ಹೇಳುತ್ತದೆ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ, ಒಪ್ಪಂದ ಏನೇ ಇರಲಿ, ಸಣ್ಣ ಪೂರೈಕೆದಾರನಿಗೆ 45 ದಿನದೊಳಗೆ ಹಣ ಸೇರಬೇಕು. ಅದರ ಎಣಿಕೆ ಸರಕನ್ನು ಒಪ್ಪಿಕೊಂಡ ದಿನದಿಂದಲೇ ಹೊರತು ಇಮೇಲ್ ಸಿಕ್ಕ ದಿನದಿಂದಲ್ಲ. ಆದರೆ ಮುಂದಿನ ಆರ್ಡರಿಗೆ ಅದೇ ಕಂಪನಿಯ ಬಾಗಿಲಿಗೇ ಹೋಗಬೇಕಾದವನು ಕಲಮು ಹಿಡಿದು ಜಗಳಕ್ಕೆ ನಿಲ್ಲುವುದಿಲ್ಲ.

ಇ-ಇನ್‌ವಾಯ್ಸ್ ಬಂದ ಮೇಲೆ ಇದೆಲ್ಲ ಮುಗಿಯಿತು ಎಂದು ಹೇಳುವವರಿದ್ದಾರೆ. 2020ರ ಅಕ್ಟೋಬರಿನಲ್ಲಿ 500 ಕೋಟಿ ವಹಿವಾಟು ಮೀರಿದವರಿಂದ ಶುರುವಾಗಿ, 2023ರ ಆಗಸ್ಟಿನಿಂದ 5 ಕೋಟಿ ಮೀರಿದವರಿಗೂ ಅದು ಕಡ್ಡಾಯವಾಗಿದೆ. ಪ್ರತಿ ಬಿಲ್ಲಿಗೂ 64 ಅಕ್ಷರಗಳ ಸಂಖ್ಯೆ, ಸಹಿ ಮಾಡಿದ ಕ್ಯೂಆರ್ ಕೋಡ್. ಒಳ್ಳೆಯ ವ್ಯವಸ್ಥೆಯೇ. ಬಿಲ್ಲಿನ ವಿವರ ಖರೀದಿದಾರನ ಜಿಎಸ್‌ಟಿ ಖಾತೆಯಲ್ಲೂ ಕಾಣಿಸುತ್ತದೆ. ತಮಾಷೆ ಇರುವುದು ಇಲ್ಲೇ: ತೆರಿಗೆ ಕ್ರೆಡಿಟ್ ತೆಗೆದುಕೊಳ್ಳುವಾಗ ಕಣ್ಣಿಗೆ ಬಿದ್ದ ಬಿಲ್ಲು ಹಣ ಕೊಡುವಾಗ ಕಾಣೆಯಾಗಿರುತ್ತದೆ. ಸರ್ಕಾರಕ್ಕೆ ಗೊತ್ತಿರುವುದು ಬೇರೆ, ಅಕೌಂಟ್ಸ್ ವಿಭಾಗ ಒಪ್ಪಿಕೊಳ್ಳುವುದು ಬೇರೆ. ಅಲ್ಲದೆ ಪರ್ಚೇಸ್ ಆರ್ಡರ್, ಡ್ರಾಯಿಂಗ್, ಟೆಸ್ಟ್ ಸರ್ಟಿಫಿಕೇಟುಗಳು ಆ ದಾರಿಯಲ್ಲಿ ಹೋಗುವುದೇ ಇಲ್ಲ. ಡ್ರಾಯಿಂಗಿನ ಹಳೆಯ ಆವೃತ್ತಿಗೆ ಎರಕ ಹೊಯ್ದು ಲೋಡೆಲ್ಲ ರಿಜೆಕ್ಟ್ ಆದರೆ, ಹೊಸ ಆವೃತ್ತಿ ಕಳಿಸಿದ್ದೆವೋ ಇಲ್ಲವೋ ಎಂಬ ವಾದದಲ್ಲಿ ನಷ್ಟ ಯಾರ ತಲೆಗೆ ಬೀಳುತ್ತದೆ ಎಂದು ಹೇಳಬೇಕಿಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಎಎಸ್2 ಸಾಫ್ಟ್‌ವೇರ್ ದುಬಾರಿ, ಸರ್ಟಿಫಿಕೇಟಿನ ಅವಧಿ ಮುಗಿದ ದಿನ ಸಂಪರ್ಕವೇ ಕಡಿದುಹೋಗುತ್ತದೆ, ನಾಲ್ಕು ಜನರ ವರ್ಕ್‌ಶಾಪಿಗೆ ಇದೆಲ್ಲ ಯಾಕೆ ಎಂದು. ಸರ್ಟಿಫಿಕೇಟಿನ ಕಾಟ ನಿಜ. ಮಾಲೀಕನ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಪಾಸ್‌ವರ್ಡ್ ಚೀಟಿಯ ಸಮೇತ ಆಡಿಟರ ಡ್ರಾಯರಿನಲ್ಲಿ ಮಲಗಿರುವ ದೇಶ ಇದು. ಆದರೆ ಖರ್ಚನ್ನು ಸಣ್ಣವನೇ ಹೊರಬೇಕೆಂದು ಯಾರು ಹೇಳಿದರು? ಓಪನ್‌ಎಎಸ್2ನಂಥ ಉಚಿತ ತಂತ್ರಾಂಶವೂ ಇದೆ. ಸಿಂಗಪುರ 2019ರಲ್ಲಿ ಪೆಪ್ಪೋಲ್ ಎಂಬ ಜಾಲವನ್ನು ತಂದಾಗ ಸಣ್ಣ ವ್ಯಾಪಾರಿ ನಡುವಿನ ಸೇವಾದಾರನ ಮೂಲಕ ಸೇರಿಕೊಂಡರೆ ಸಾಕಾಯಿತು. ಇಲ್ಲಂತೂ ಪೋರ್ಟಲ್ ದೊಡ್ಡ ಕಂಪನಿಯದು, ನಿಯಮ ಅದರದ್ದು, ಸರ್ವರ್ ಅದರದ್ದು. ಬಂದ ಪ್ರತಿ ಫೈಲಿಗೂ ಸಹಿ ಮಾಡಿದ ಒಂದು ಸ್ವೀಕೃತಿಯನ್ನು ತಾನಾಗಿ ಹೊರಡಿಸುವುದು ಅದಕ್ಕೆ ಭಾರವಲ್ಲ. ಭಾರವಾಗುವುದು ಆ ಸ್ವೀಕೃತಿಯ ಮೇಲಿನ ತಾರೀಖು.

ಬೀಗ ಬೇಡವೆಂದಲ್ಲ. ಆದರೆ ದುಬಾರಿ ಬೀಗವೂ ಎಷ್ಟು ಕಾಯುತ್ತದೆ ಎನ್ನುವುದನ್ನು 2023ರ ಮೇ ಕೊನೆಯಲ್ಲಿ ಜಗತ್ತು ನೋಡಿತು. ಫೈಲುಗಳನ್ನು ಸುರಕ್ಷಿತವಾಗಿ ಸಾಗಿಸಲೆಂದೇ ಮಾರಾಟವಾಗುತ್ತಿದ್ದ ಮೂವ್‌ಇಟ್ ತಂತ್ರಾಂಶದ ಒಂದು ಲೋಪದ ಮೂಲಕ ಕ್ಲಾಪ್ ಎಂಬ ಗುಂಪು ಒಳನುಗ್ಗಿ, ಸಾವಿರಾರು ಸಂಸ್ಥೆಗಳ ಮಾಹಿತಿ ಹೊತ್ತೊಯ್ದಿತು. ಅದೇ ವರ್ಷದ ಆರಂಭದಲ್ಲಿ ಗೋಎನಿವೇರ್, ಅದಕ್ಕೂ ಮೊದಲು ಅಕ್ಸೆಲಿಯನ್ ಎಂಬ ಸಾಧನಗಳಿಗೂ ಇದೇ ಗತಿಯಾಗಿತ್ತು. ದಾಟಿ ಹೋಗಬೇಕಾದ ಫೈಲುಗಳು ದಾರಿಯ ಪೆಟ್ಟಿಗೆಯಲ್ಲೇ ಕೂತಿದ್ದರೆ ಕಳ್ಳನಿಗೆ ಒಂದೇ ಬೀಗ ಒಡೆದರೆ ಸಾಕು. ಇಲ್ಲಿಯೂ ಸ್ವೀಕೃತಿಯೇ ಕೆಲಸಕ್ಕೆ ಬರುತ್ತದೆ. ಮುಟ್ಟಿತು ಎಂದು ಖಚಿತವಾದ ಫೈಲನ್ನು ನಡುವಿನ ಪೆಟ್ಟಿಗೆಯಿಂದ ಅಳಿಸಿಹಾಕಬಹುದು. ಖಚಿತವಿಲ್ಲದವರು "ಇರಲಿ, ಬೇಕಾದೀತು" ಎಂದು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ.

ಸರ್ಕಾರ ಮಾಡಬೇಕಾದದ್ದು ಹೆಚ್ಚೇನಿಲ್ಲ. 250 ಕೋಟಿ ಮೀರಿದ ಕಂಪನಿಗಳು ಟ್ರೆಡ್ಸ್ ವೇದಿಕೆಗೆ ಸೇರಲೇಬೇಕು ಎಂದು 2024ರ ನವೆಂಬರಿನಲ್ಲಿ ಆದೇಶವಾಗಿದೆ. ಅಲ್ಲಿ ಖರೀದಿದಾರ ಒಮ್ಮೆ ಒಪ್ಪಿದ ಬಿಲ್ಲಿನಿಂದ ಹಿಂದೆ ಸರಿಯುವಂತಿಲ್ಲ. ಸೇರುವುದು ಕಡ್ಡಾಯ, ಬಿಲ್ಲು ಒಪ್ಪುವುದು ಮಾತ್ರ ಅವರ ಮರ್ಜಿ. ಅದೇ ಕಂಪನಿಗಳ ಮೇಲೆ ಇನ್ನೊಂದು ಸಾಲು ಹೇರಲಿ: ಪೂರೈಕೆದಾರ ಕಳಿಸಿದ ಪ್ರತಿ ದಾಖಲೆಗೂ ಆ ದಿನವೇ ಸಹಿ ಮಾಡಿದ ಸ್ವೀಕೃತಿ ಹೋಗಬೇಕು, ಹೋಗದಿದ್ದರೆ ದಾಖಲೆ ಕಳಿಸಿದ ದಿನವೇ ತಲುಪಿತೆಂದು ಎಣಿಸಬೇಕು.