ಒತ್ತಕ್ಷರಕ್ಕೊಂದಿಷ್ಟು ಜಾಗ

ನಮ್ಮ ಕಾಲೇಜಿನ ಹೋದ ವರ್ಷದ ವಾರ್ಷಿಕ ಸಂಚಿಕೆಯಲ್ಲಿ ಒಂದು ಪುಟವಿದೆ. ಅದನ್ನು ತೆರೆದಾಗಲೆಲ್ಲ ನನ್ನ ತಲೆ ತಾನಾಗಿ ತಗ್ಗುತ್ತದೆ. ಔರಾದ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು ಭಾಲ್ಕಿಯಲ್ಲಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯನ್ನು ಕುರಿತು ಬರೆದ ಬರಹವದು. ಆಕೆ ಕೊಟ್ಟ ಶೀರ್ಷಿಕೆ ‘ಅವ್ವ’. ಅಚ್ಚಾಗಿ ಬಂದದ್ದು ‘ಅವ್‌ವ’. ಒಳಗೆ ರೊಟ್ಟಿಯು ‘ರೊಟ್‌ಟಿ’ಯಾಗಿತ್ತು, ಕಣ್ಣು ‘ಕಣ್‌ಣು’ ಆಗಿತ್ತು. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಬಲ್ಲ ಆ ತಾಯಿ, “ಇದ್ಯಾವ ಊರಿನ ಕನ್ನಡ ಅದವ್ವಾ?” ಎಂದು ಕೇಳಿದಳಂತೆ. ಹುಡುಗಿ ನನಗದನ್ನು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ತಪ್ಪನ್ನು ಮುದ್ರಣಾಲಯದ ಮೇಲೆ ಹೊರಿಸುವುದು ಸುಲಭ. ಆದರೆ ಸಂಪಾದಕನೆಂದು ಹೆಸರು ಹಾಕಿಸಿಕೊಂಡವನು ನಾನು. ಬರಹಗಳನ್ನು ಓದಿದ್ದೆ, ತಿದ್ದಿದ್ದೆ. ಪುಟಗಳನ್ನು ಮಾತ್ರ ನೋಡಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ಭಾಲ್ಕಿ. ಅಂಥ ಊರಿನ ಕನ್ನಡ ಅಧ್ಯಾಪಕನ ಸಂಚಿಕೆಯಲ್ಲಿ ಅವ್ವನೇ ಎರಡು ತುಂಡಾದರೆ ಹೇಗೆ? ಈ ಸಲ ಪುಟವನ್ನು ನಾನೇ ಕಟ್ಟುವೆನೆಂದು ಹಟ ತೊಟ್ಟೆ.

ಹೀಗಾಗಿ ನಾಲ್ಕು ತಿಂಗಳಿಂದ ಶನಿವಾರ ಮಧ್ಯಾಹ್ನ ರೈಲು ಹತ್ತಿ ಬೀದರಿಗೆ ಹೋಗುತ್ತಿದ್ದೇನೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಡಿ.ಟಿ.ಪಿ. ಅಂಗಡಿಯಿದೆ. ಕನ್ನಡ, ಮರಾಠಿ, ಉರ್ದು ಮೂರರಲ್ಲಿಯೂ ಲಗ್ನಪತ್ರಿಕೆ ಮಾಡಿ ಪಳಗಿದ ಕೈ ಅವನದು. ತರಗತಿಯಲ್ಲಿ ಹಳಗನ್ನಡ ವ್ಯಾಕರಣಕ್ಕೆ ಆಕಳಿಸುತ್ತಿದ್ದ ಹುಡುಗ ಈಗ ನನ್ನ ಗುರು.

ಅವನು ಹೇಳಿದ ಮೊದಲ ಪಾಠವೇ ಅವ್ವನ ರೋಗದ ನಿದಾನ. 1985ರಲ್ಲಿ ಪೇಜ್‌ಮೇಕರ್ ಬಂದಾಗ ಅದಕ್ಕೆ ತಿಳಿದಿದ್ದುದು, ಒಂದರ ಪಕ್ಕದಲ್ಲಿ ಒಂದು ಕುಳಿತುಕೊಳ್ಳುವ ರೋಮನ್ ಅಕ್ಷರಗಳು. ನಮ್ಮವರು ಕನ್ನಡದ ಕೊಂಬು, ಒತ್ತು, ತಲೆಕಟ್ಟುಗಳನ್ನು ಬಿಡಿಬಿಡಿಯಾಗಿ ಆ ಇಂಗ್ಲಿಷಿನ ಮನೆಗಳಲ್ಲಿಯೇ ಕೂರಿಸಿ ಕೆಲಸ ಸಾಗಿಸಿದರು. ಯೂನಿಕೋಡಿನಲ್ಲಿ ಹಾಗಲ್ಲ. ‘ವ’, ಅದರ ನಂತರ ಒಂದು ಹಲಂತ, ಮತ್ತೆ ‘ವ’. ಇವು ಬಂದರೆ ಒತ್ತಾಗಿ ಕೂಡಿಸುವ ವಿದ್ಯೆ ತಂತ್ರಾಂಶಕ್ಕೇ ತಿಳಿದಿರಬೇಕು. 1999ರಲ್ಲಿ ಹೊರಬಂದ ಇನ್‌ಡಿಸೈನ್ ಈಗ ಆ ವಿದ್ಯೆಯನ್ನು ಬಲ್ಲದು. ಆದರೆ ಪ್ಯಾರಾಗ್ರಾಫ್ ಪಟ್ಟಿಯಲ್ಲಿ ‘ವರ್ಲ್ಡ್‌ರೆಡಿ ಕಂಪೋಸರ್’ ಎಂಬುದನ್ನು ಆರಿಸಿರಬೇಕು. ಒಂದು ಗುಂಡಿ ಒತ್ತದ ತಪ್ಪಿಗೆ ಒತ್ತುಗಳೆಲ್ಲ ಉದುರಿದ್ದವು!

ಎರಡನೆಯ ಪಾಠ ಇದಕ್ಕಿಂತ ಕಠಿಣ. ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ಆ ತಂತ್ರಾಂಶ ತಾನಾಗಿ ಕೊಡುವ ಸಾಲಿನ ಅಂತರ 14.4 ಪಾಯಿಂಟು. ಇಂಗ್ಲಿಷಿಗೆ ಅದು ಸಾಕು. ಕನ್ನಡದ ಸಾಲು ಹಾಗೆ ಸಪಾಟಾಗಿ ಮಲಗುವುದಲ್ಲ. ‘ರಾಷ್ಟ್ರ’ ಎಂದು ಬರೆದು ನೋಡಿ, ಷಕಾರದ ಕೆಳಗೆ ಎರಡು ಒತ್ತುಗಳು ಇಳಿಬೀಳುತ್ತವೆ. ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ತಲೆಯೆತ್ತಿದರೆ ಇಬ್ಬರಿಗೂ ಡಿಕ್ಕಿ. “ಸರ್, ನೀವು ಅಕ್ಷರಾನೇ ನೋಡ್ತೀರಿ, ಖಾಲಿ ಜಾಗಾ ನೋಡೂದಿಲ್ಲ,” ಎಂದ ನನ್ನ ಗುರು. ಎಂ.ಎ. ಓದುವಾಗ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಆ ಸಂಜೆ ಹಳೆಯ ಪಟ್ಟಣದ ಬಿದರಿ ಅಂಗಡಿಯೊಂದರ ಮುಂದೆ ಬಹಳ ಹೊತ್ತು ನಿಂತೆ. ಸತುವು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ. ಉಳಿಯಿಂದ ಕೊರೆದ ಗೆರೆಯಲ್ಲಿ ಬೆಳ್ಳಿ. ಕೊನೆಗೆ ಕೋಟೆಯ ಮಣ್ಣಿನ ಪಾಕದಲ್ಲಿ ಸುತ್ತಲಿನ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಷ್ಟೋ ವರ್ಷ ನಾನು ಬೆಳ್ಳಿಯ ಬಳ್ಳಿಯನ್ನಷ್ಟೇ ನೋಡಿದ್ದೆ. ಅಂದು ಕುಶಲಿಗನು ಬರಿದೆ ಬಿಟ್ಟ ಕಪ್ಪನ್ನು ನೋಡಿದೆ.

ಮರುವಾರ ಸಾಲಿನ ಅಂತರವನ್ನು 17ಕ್ಕೆ ಏರಿಸಿದೆ. ಪುಟ ಉಸಿರಾಡಿತು, ಆದರೆ ಅರುವತ್ತನಾಲ್ಕು ಪುಟದ ಸಂಚಿಕೆ ಎಪ್ಪತ್ತನ್ನು ದಾಟಿತು! ಮುದ್ರಣದ ಲೆಕ್ಕ ಎಂಟು ಪುಟದ ಮಡಿಕೆಯಲ್ಲಿ. ನಮ್ಮ ನಿಧಿ ಅರುವತ್ತನಾಲ್ಕಕ್ಕಿಂತ ಒಂದು ಮಡಿಕೆ ಹೆಚ್ಚನ್ನೂ ತಾಳದು. ವಿದ್ಯಾರ್ಥಿಗಳ ಬರಹ ಕತ್ತರಿಸಿರೆಂಬ ಸಲಹೆ ಬಂತು. ಇಂಥ ಹೊತ್ತಿನಲ್ಲಿ ಕತ್ತರಿ ಸದಾ ಚಿಕ್ಕವರತ್ತಲೇ ಏಕೆ ತಿರುಗುತ್ತದೆಯೋ! ಎಣಿಸಿ ನೋಡಿದರೆ ಅತಿಥಿಗಳ ಕೊರಳ ಹಾರಗಳೇ ಎಂಟು ಪುಟ ತುಂಬಿದ್ದವು. ಅವನ್ನು ಎರಡಕ್ಕೆ ಇಳಿಸಿದೆ. ಮೂರು ಪುಟದ ನನ್ನ ಸಂಪಾದಕೀಯ ಅರ್ಧ ಪುಟವಾಯಿತು. ಕೈ ನಡುಗಿದ್ದು ಅಲ್ಲಿಯೇ ಎಂಬುದನ್ನು ಓದುಗರಲ್ಲಿ ಮುಚ್ಚಿಡಲಾರೆ. ಪ್ರಾಂಶುಪಾಲರು ಇನ್ನೂ ಪೂರ್ತಿ ಒಪ್ಪಿಲ್ಲ.

ಈ ಸಂಚಿಕೆಯಲ್ಲಿ ‘ಅವ್ವ’ನನ್ನು ಮತ್ತೊಮ್ಮೆ, ಸರಿಯಾಗಿ, ಮೊದಲ ಬರಹವಾಗಿ ಹಾಕಿದ್ದೇನೆ. ನಿನ್ನೆ ಅದರ ಪ್ರೂಫನ್ನು ಆ ಹುಡುಗಿಗೆ ತೋರಿಸಿದೆ. ಬೆರಳನ್ನು ವತ್ತಿನ ಕೆಳಗಿಟ್ಟು ಸಾಲು ಸಾಲಾಗಿ ಓದಿದಳು. ಮುಗಿಸಿ, “ಸರ್, ಈ ಹಾಳಿ ಊರಿಗೆ ಒಯ್ಯಲೇನ್ರಿ?” ಎಂದಳು.

ಸಂಚಿಕೆ ಹೊರಬರಲು ಇನ್ನೂ ಒಂದು ತಿಂಗಳಿದೆ. ಭಾನುವಾರ ಔರಾದದ ಬಸ್ಸು ಬೆಳಿಗ್ಗೆಯೇ ಹೊರಡುತ್ತದೆ. ಹಾಳೆಯನ್ನು ಮಡಿಸದಂತೆ ಒಂದು ರಟ್ಟಿನ ಒಳಗಿಟ್ಟು ಕೊಟ್ಟೆ.