ಅಕ್ಕಿಗೊಂದು ಬದಲಿ, ಆಳಿಗೊಂದು ಬದಲಿ

ಭಾರತ ಸರ್ಕಾರ 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ, ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಸಾಲುಗಟ್ಟಿದ ಜನರ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಸೋನಾ ಮಸೂರಿಯ ಚೀಲಗಳಿಗಾಗಿ ನಡೆದ ನೂಕುನುಗ್ಗಲು ಕೆಲವರಿಗೆ ತಮಾಷೆಯಾಯಿತು, ಕೆಲವರಿಗೆ ನಾಚಿಕೆಯಾಯಿತು. ಆದರೆ ಆ ನಿಷೇಧದ ಪಾಠವನ್ನು ಸರಿಯಾಗಿ ಓದಿಕೊಳ್ಳಲು ನ್ಯೂಜೆರ್ಸಿಗಿಂತ ದೋಹಾ ಹೆಚ್ಚು ತಕ್ಕ ಜಾಗ.

ಕತಾರಿನ ಕನ್ನಡಿಗರಲ್ಲಿ ಅನ್ನವೆಂದರೆ ಒಂದೇ ಅನ್ನವಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯವರಿಗೆ ಕುಚ್ಚಲಕ್ಕಿಯಿಲ್ಲದೆ ಊಟ ಊಟವೆನಿಸದು. ಮೈಸೂರು, ಬೆಂಗಳೂರಿನ ಕಡೆಯವರಿಗೆ ಸೋನಾ ಮಸೂರಿಯೇ ಆಗಬೇಕು. ಬಿರಿಯಾನಿಗೆ ಮಾತ್ರ ಇಬ್ಬರಿಗೂ ಬಾಸ್ಮತಿ. ನಿಷೇಧ ಬಿದ್ದದ್ದು ಈ ಮೂರರಲ್ಲಿ ಒಂದಕ್ಕೆ ಮಾತ್ರ. ಕರಾವಳಿಯವರು ಬೆಳ್ತಿಗೆ ಎಂದು ಕರೆಯುವ ಬಿಳಿ ಅಕ್ಕಿಗೆ. ಅರ್ಥಶಾಸ್ತ್ರದ ಪಠ್ಯಪುಸ್ತಕ ಇಲ್ಲಿ ಕೈಹಿಡಿಯುತ್ತದೆ. ಒಂದು ಸರಕಿನ ಬೆಲೆ ಏರಿದಾಗ ಇನ್ನೊಂದರ ಬೇಡಿಕೆ ಏರುವುದಾದರೆ ಅವು ಬದಲಿ ಸರಕುಗಳು. ಇನ್ನೊಂದರ ಬೇಡಿಕೆ ಇಳಿಯುವುದಾದರೆ ಅವು ಪೂರಕ ಸರಕುಗಳು. ಕಾಫಿ ದುಬಾರಿಯಾದರೆ ಚಹಾ ಹೆಚ್ಚು ಖರ್ಚಾಗುತ್ತದೆ, ಪೆಟ್ರೋಲ್ ದುಬಾರಿಯಾದರೆ ಕಾರು ಕಡಿಮೆ ಮಾರಾಟವಾಗುತ್ತದೆ. ಪಿಯುಸಿಯಲ್ಲಿ ಇದನ್ನು ಬೇಡಿಕೆಯ ಅಡ್ಡ ಸ್ಥಿತಿಸ್ಥಾಪಕತ್ವ ಎಂದು ಉರುಹೊಡೆದವರು ಈಗ ಲೋಕದ ಎಲ್ಲ ಮೂಲೆಗಳಲ್ಲಿದ್ದಾರೆ.

ಆ ವರ್ಷ ದೆಹಲಿ ಈ ಪಾಠವನ್ನು ಒಂದೇ ತಿಂಗಳಲ್ಲಿ ಕಲಿಯಬೇಕಾಯಿತು. ಜಗತ್ತಿನ ಅಕ್ಕಿ ವ್ಯಾಪಾರದ ಸುಮಾರು ಶೇ 40ರಷ್ಟು ಪಾಲು ಭಾರತದ್ದು. ಬಿಳಿ ಅಕ್ಕಿಯ ಬಾಗಿಲು ಮುಚ್ಚಿದೊಡನೆ ಬೇಡಿಕೆ ಪಕ್ಕದ ಬಾಗಿಲುಗಳತ್ತ ನುಗ್ಗಿತು. ಆಗಸ್ಟ್ 25ರಂದು ಕುಚ್ಚಲಕ್ಕಿಯ ರಫ್ತಿಗೆ ಶೇ 20ರ ಸುಂಕ ಬಿತ್ತು. ಎರಡೇ ದಿನಗಳಲ್ಲಿ, ಟನ್ನಿಗೆ 1,200 ಡಾಲರಿಗಿಂತ ಕಡಿಮೆ ಬೆಲೆಯ ಬಾಸ್ಮತಿ ಒಪ್ಪಂದಗಳಿಗೂ ತಡೆ ಬಂತು. ನಿಷೇಧಿತ ಬಿಳಿ ಅಕ್ಕಿ ಕುಚ್ಚಲು ಮತ್ತು ಬಾಸ್ಮತಿಯ ಹೆಸರಿನಲ್ಲಿ ಹಡಗು ಹತ್ತುತ್ತಿದೆ ಎಂಬುದು ಸರ್ಕಾರವೇ ಕೊಟ್ಟ ಕಾರಣ. ಬದಲಿ ಸರಕಿನ ಸಿದ್ಧಾಂತಕ್ಕೆ ಇದಕ್ಕಿಂತ ಅಧಿಕೃತವಾದ ಸಾಕ್ಷ್ಯ ಸಿಗುವುದು ಕಷ್ಟ. ಬೇಡಿಕೆ ತಾನು ಸರಿದು ಹೋಗಿದ್ದಲ್ಲದೆ, ಅಕ್ಕಿಗೆ ಹೆಸರನ್ನೂ ಬದಲಿಸಿತ್ತು. ಥಾಯ್ಲೆಂಡ್, ವಿಯೆಟ್ನಾಂಗಳ ಅಕ್ಕಿಯೂ ತುಟ್ಟಿಯಾಗಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಕ್ಕಿ ಬೆಲೆ ಸೂಚ್ಯಂಕ ಆ ಆಗಸ್ಟ್‌ನಲ್ಲಿ 15 ವರ್ಷಗಳ ಗರಿಷ್ಠ ಮಟ್ಟ ಮುಟ್ಟಿತು. ಕುಚ್ಚಲಕ್ಕಿಯನ್ನು ನಿಷೇಧಿಸಿರಲಿಲ್ಲವಾದ್ದರಿಂದ ಮಂಗಳೂರಿನವರು ಪಾರಾದರೆಂದು ಹೇಳುವಂತಿರಲಿಲ್ಲ.

ಸಿದ್ಧಾಂತ ಇಷ್ಟಕ್ಕೆ ಮುಗಿದರೆ ಎಲ್ಲರಿಗೂ ಅನುಕೂಲ. ಒಂದು ಸಿಗದಿದ್ದರೆ ಇನ್ನೊಂದು, ಅಷ್ಟೇ ತಾನೆ ಎನ್ನಬಹುದು. ಆದರೆ ಬದಲಿಯನ್ನು ಆರಿಸಿಕೊಳ್ಳುವುದು ಅಭಿರುಚಿಯ ಪ್ರಶ್ನೆಯಲ್ಲ, ಅಧಿಕಾರದ ಪ್ರಶ್ನೆ ಎಂಬುದನ್ನು ಕತಾರ್ ಎರಡು ತುದಿಗಳಿಂದ ತೋರಿಸಿಕೊಡುತ್ತದೆ.

ಮೇಲಿನ ತುದಿ ಹಾಲಿನದು. 2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹ್ರೈನ್ ಮತ್ತು ಈಜಿಪ್ಟ್ ಕತಾರಿನೊಂದಿಗಿನ ಸಂಬಂಧ ಕಡಿದುಕೊಂಡವು. ದೇಶದ ಏಕೈಕ ಭೂಗಡಿ ಮುಚ್ಚಿತು. ಆ ದಾರಿಯಲ್ಲಿ ಬರುತ್ತಿದ್ದ ಸೌದಿ ಹಾಲು ಅಂಗಡಿಗಳ ಕಪಾಟಿನಿಂದ ಮಾಯವಾಯಿತು. ಕೆಲವೇ ದಿನಗಳಲ್ಲಿ ಟರ್ಕಿಯ ಹಾಲು ವಿಮಾನದಲ್ಲಿ ಬಂದಿಳಿಯಿತು. ಜುಲೈಯಲ್ಲಿ ಹಸುಗಳೇ ವಿಮಾನ ಹತ್ತಿ ಬಂದವು. ಮರುಭೂಮಿಯಲ್ಲಿ ತಂಪು ಕೊಟ್ಟಿಗೆಗಳೆದ್ದು, ಬಲದ್ನಾ ಎಂಬ ಹೆಸರು ಮನೆಮಾತಾಯಿತು. ನೈಸರ್ಗಿಕ ಅನಿಲದ ಹಣವಿರುವ ರಾಷ್ಟ್ರ ಬದಲಿ ಸರಕಿಗಾಗಿ ಹುಡುಕಾಡುವುದಿಲ್ಲ, ಅದನ್ನು ಕಟ್ಟಿ ನಿಲ್ಲಿಸುತ್ತದೆ.

ಕೆಳಗಿನ ತುದಿ ದೋಹಾದ ಕೈಗಾರಿಕಾ ಪ್ರದೇಶದಲ್ಲಿದೆ. 2020ರ 17ನೇ ಕಾನೂನಿನಂತೆ ಕತಾರಿನಲ್ಲಿ ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್. ಮಾಲೀಕ ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ರಿಯಾಲ್ ಭತ್ಯೆ. ಇದು ಜಾರಿಗೆ ಬಂದದ್ದು 2021ರ ಮಾರ್ಚ್ 20ರಂದು. ಊಟಕ್ಕೆ ದಿನಕ್ಕೆ 10 ರಿಯಾಲ್ ಎಂದಾಯಿತು. ಅಕ್ಕಿಯ ಸೂಚ್ಯಂಕ 15 ವರ್ಷಗಳ ಗರಿಷ್ಠ ಮುಟ್ಟಿದಾಗಲೂ ಆ 300, 300 ಆಗಿಯೇ ಇತ್ತು. ಮಾಲೀಕನೇ ಊಟ ಕೊಡುವ ಲೇಬರ್ ಕ್ಯಾಂಪುಗಳಲ್ಲಿ ಬದಲಿಯನ್ನು ಆರಿಸುವವನು ಉಣ್ಣುವವನಲ್ಲ, ಕೇಟರಿಂಗ್ ಗುತ್ತಿಗೆದಾರ.

ಸ್ವಂತ ಒಲೆಯಿರುವಲ್ಲಿ ನಡೆಯುವುದು ಇನ್ನೂ ವಿಚಿತ್ರ. ಅನ್ನದಷ್ಟು ಅಗ್ಗವಾಗಿ ಹೊಟ್ಟೆ ತುಂಬಿಸುವ ಪದಾರ್ಥ ಬೇರೊಂದಿಲ್ಲದಾಗ, ಅಕ್ಕಿಯ ಬೆಲೆ ಏರಿದರೆ ಕಡಿಮೆಯಾಗುವುದು ಅನ್ನವಲ್ಲ, ಅನ್ನದ ಪಕ್ಕದ ಬಂಗುಡೆ. ಆಮೇಲೆ ಮೊಟ್ಟೆ, ಆಮೇಲೆ ತೊಗರಿಬೇಳೆ. ಚೀನಾದ ಹುನಾನ್ ಪ್ರಾಂತ್ಯದ ಬಡ ಕುಟುಂಬಗಳ ಬಗ್ಗೆ ರಾಬರ್ಟ್ ಜೆನ್ಸನ್ ಮತ್ತು ನೋಲನ್ ಮಿಲ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಎತ್ತಿ ತೋರಿಸಿತ್ತು. ಅಲ್ಲಿ ಅಕ್ಕಿಗೆ ರಿಯಾಯಿತಿ ಕೊಟ್ಟಾಗ ಜನ ಅನ್ನ ಕಡಿಮೆ ಉಂಡರು, ರಿಯಾಯಿತಿ ತೆಗೆದಾಗ ಹೆಚ್ಚು ಉಂಡರು. ಅಕ್ಕಿ ಅಗ್ಗವಾದಾಗ ಉಳಿದ ಕಾಸಿನಲ್ಲಿ ಬೇರೆ ಆಹಾರ ಸಿಗುತ್ತಿತ್ತು. ತುಟ್ಟಿಯಾದಾಗ ಬೇರೆಯದೆಲ್ಲ ಕೈತಪ್ಪಿ ಅನ್ನವೊಂದೇ ಉಳಿಯುತ್ತಿತ್ತು. ಬಡವನ ತಟ್ಟೆಯಲ್ಲಿ ಅನ್ನಕ್ಕೆ ಸಂಬಂಧಿಸಿದ ಸರಕು ಇನ್ನೊಂದು ಬಗೆಯ ಅಕ್ಕಿಯಲ್ಲ, ಮೀನು. ವಲಸಿಗನ ವಿಷಯದಲ್ಲಿ ಅದಕ್ಕೆ ಇನ್ನೊಂದನ್ನು ಸೇರಿಸಬೇಕು: ಊರಿಗೆ ಕಳಿಸುವ ಹಣ. ಹೊಟ್ಟೆ ಕಟ್ಟಿದ ಮೇಲೂ ಲೆಕ್ಕ ಹೊಂದದಿದ್ದರೆ ಅದಕ್ಕೂ ಕೈಹಾಕಬೇಕಾಗುತ್ತದೆ.

ಊರಿನಲ್ಲಿ ಆ ಹಣಕ್ಕಾಗಿ ಕಾಯುವವರಿಗೂ ಅದೇ ಜುಲೈಯಲ್ಲಿ ಬದಲಿಯೊಂದರ ಅನುಭವವಾಯಿತು. ಕೇಂದ್ರ ಸರ್ಕಾರ ರಾಜ್ಯಗಳಿಗೆ ಮುಕ್ತ ಮಾರಾಟ ಯೋಜನೆಯಡಿ ಅಕ್ಕಿ ಮಾರುವುದನ್ನು ನಿಲ್ಲಿಸಿದ್ದರಿಂದ, ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕರ್ನಾಟಕ ಸರ್ಕಾರ ಕಿಲೋಗೆ ₹34ರಂತೆ ತಲೆಗೆ ₹170 ಖಾತೆಗೆ ಹಾಕತೊಡಗಿತು. ಅಕ್ಕಿ ತುಟ್ಟಿಯಾಗುತ್ತಿದ್ದ ಕಾಲದಲ್ಲಿ ಅಕ್ಕಿಗೆ ಬದಲಾಗಿ ನಿಗದಿತ ಮೊತ್ತದ ಹಣ! ಏನೂ ಕೊಡದಿರುವುದಕ್ಕಿಂತ ಅದು ಮೇಲು, ನಿಜ. ಆದರೆ ₹34ಕ್ಕೆ ಕಿಲೋ ಸೋನಾ ಮಸೂರಿ ಕೊಡುವ ಅಂಗಡಿ ರಾಜ್ಯದಲ್ಲಿ ಇರಲಿಲ್ಲ.

ಇವೆಲ್ಲ ಸರಕುಗಳ ಮಾತಾಯಿತು. ಕೊಲ್ಲಿಯ ಮಾರುಕಟ್ಟೆಯಲ್ಲಿ ಬದಲಿ ಸರಕೆಂದು ಎಣಿಸಲ್ಪಡುವ ಮುಖ್ಯ ವಸ್ತು ಮನುಷ್ಯನೇ. ಭಾರತೀಯ ದುಬಾರಿಯಾದರೆ ನೇಪಾಳಿ, ನೇಪಾಳಿ ದುಬಾರಿಯಾದರೆ ಬಾಂಗ್ಲಾದೇಶಿ, ಆತನೂ ದುಬಾರಿಯಾದರೆ ಆಫ್ರಿಕಾದಿಂದ ಬರುವವನು. ಈ ಲೆಕ್ಕವನ್ನು ನೇಮಕಾತಿ ಏಜೆಂಟ್ ಹಾಕಿದರೆ ಅದು ಅವನ ವ್ಯಾಪಾರ. ತನ್ನ ಪ್ರಜೆಗಳ ಬಗ್ಗೆ ಸರ್ಕಾರವೊಂದು ಅದನ್ನು ಹಾಕಿದರೆ ಏನೆನ್ನಬೇಕು? 2020ರ ಸೆಪ್ಟೆಂಬರ್‌ನಲ್ಲಿ ಭಾರತದ ವಿದೇಶಾಂಗ ಸಚಿವಾಲಯ ಕೊಲ್ಲಿ ದೇಶಗಳಿಗೆ ಹೋಗುವ ಕಾರ್ಮಿಕರ ವಲಸೆ ಅನುಮತಿಗೆ ಆಧಾರವಾದ ಕನಿಷ್ಠ ವೇತನವನ್ನು ಶೇ 30ರಿಂದ 50ರಷ್ಟು ಇಳಿಸಿತು. ಕೋವಿಡ್ ಕಾಲದಲ್ಲಿ ಭಾರತೀಯರ ಉದ್ಯೋಗ ಉಳಿಸಲು ಎಂಬುದು ಕೊಟ್ಟ ಸಮರ್ಥನೆ. ಕತಾರಿಗೆ ನಿಗದಿಯಾದದ್ದು 200 ಡಾಲರ್. ಡಾಲರಿಗೆ 3.64 ರಿಯಾಲ್ ಎಂಬ ಸ್ಥಿರ ದರದಲ್ಲಿ ಅದು 728 ರಿಯಾಲ್. ಕತಾರ್ 2017ರಲ್ಲಿ ತಾತ್ಕಾಲಿಕವಾಗಿ ಗೊತ್ತುಪಡಿಸಿದ್ದ ಕನಿಷ್ಠ ವೇತನವೇ 750 ರಿಯಾಲ್ ಇತ್ತು. 1,000 ರಿಯಾಲಿನ ಹೊಸ ಕಾನೂನು ಹಿಂದಿನ ತಿಂಗಳಷ್ಟೇ ಪ್ರಕಟವಾಗಿತ್ತು. ಅಂದರೆ ಭಾರತೀಯ ಕಾರ್ಮಿಕನ ದುಡಿಮೆಗೆ ಅವನನ್ನು ದುಡಿಸಿಕೊಳ್ಳುವ ದೇಶ ಕಟ್ಟಿದ ಬೆಲೆಗಿಂತ ಕಡಿಮೆ ಬೆಲೆಯನ್ನು ಅವನ ತಾಯ್ನಾಡು ಕಟ್ಟಿತು!

ಆ ತರ್ಕದ ದೋಷ ಪಿಯುಸಿ ವಿದ್ಯಾರ್ಥಿಗೂ ಹೊಳೆಯಬೇಕು. ಬದಲಿ ಸರಕುಗಳ ಮಾರುಕಟ್ಟೆಯಲ್ಲಿ ಒಬ್ಬ ಬೆಲೆ ಇಳಿಸಿದರೆ ಉಳಿದವರ ಮೇಲೂ ಇಳಿಸುವ ಒತ್ತಡ ಬೀಳುತ್ತದೆ. ಕೊನೆಗೆ ಪಾಲು ಮೊದಲಿನಷ್ಟೇ ಉಳಿದು, ಎಲ್ಲರ ಕೂಲಿ ಮಾತ್ರ ಕೆಳಗಿಳಿದಿರುತ್ತದೆ. ಆ ಆದೇಶದ ವಿರುದ್ಧ ತೆಲಂಗಾಣ ಹೈಕೋರ್ಟಿಗೆ ಅರ್ಜಿ ಹೋಯಿತು. 2021ರ ಜುಲೈ ಹೊತ್ತಿಗೆ ಸರ್ಕಾರ ಹಳೆಯ ದರಗಳಿಗೆ ಮರಳಿತು. ತೆಲಂಗಾಣದ ವಲಸೆ ಕಾರ್ಮಿಕರ ಪರವಾಗಿ ದನಿಯೆತ್ತುವವರಿದ್ದರು ಎಂಬುದನ್ನು ಕನ್ನಡಿಗರು ಗಮನಿಸಬೇಕು.

ಕತಾರಿನ 2020ರ ಕಾನೂನುಗಳ ನಿಜವಾದ ಮಹತ್ವವನ್ನೂ ಇದೇ ಕೋನದಿಂದ ನೋಡುವುದು ಒಳ್ಳೆಯದು. ಕನಿಷ್ಠ ವೇತನ ಎಲ್ಲ ದೇಶದವರಿಗೂ, ಮನೆಗೆಲಸದವರಿಗೂ ಒಂದೇ ಆದದ್ದರಿಂದ, ಪಾಸ್‌ಪೋರ್ಟಿನ ಬಣ್ಣ ನೋಡಿ ಆ ಮಟ್ಟಕ್ಕಿಂತ ಕೆಳಗೆ ಕೂಲಿ ಕಟ್ಟಲು ಕಾನೂನಿನ ಆಸರೆ ತಪ್ಪಿತು. ಮಾಲೀಕನ ಒಪ್ಪಿಗೆ ಪತ್ರವಿಲ್ಲದೆ ಕೆಲಸ ಬದಲಿಸಬಹುದು ಎಂಬ ತಿದ್ದುಪಡಿ ಇನ್ನೂ ಮುಖ್ಯವಾದುದು. ಕಫಾಲಾ ಪದ್ಧತಿಯ ತಿರುಳು ಇದ್ದದ್ದು ಇಲ್ಲಿಯೇ: ಮಾಲೀಕನಿಗೆ ಕಾರ್ಮಿಕನ ಬದಲಿ ಸದಾ ಸಿದ್ಧ, ಕಾರ್ಮಿಕನಿಗೆ ಮಾಲೀಕನ ಬದಲಿ ನಿಷಿದ್ಧ. ಬದಲಿಯಿಲ್ಲದವನ ಮುಂದೆ ಯಾವ ಬೆಲೆಯನ್ನೂ ಇಡಬಹುದು. ಕಾಗದದ ಮೇಲೆ ಈ ಅಸಮತೆ ಅಳಿಸಿದೆ. ಕೆಲಸ ಬಿಟ್ಟವನ ಮೇಲೆ ಪರಾರಿಯ ದೂರು ಕೊಡುವ ದಾರಿ ಮಾಲೀಕನಿಗೆ ಉಳಿದಿರುವವರೆಗೆ ಅದು ಪೂರ್ತಿ ಅಳಿಸಿದೆ ಎನ್ನಲಾಗದು.

ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಸಚಿವರನ್ನೂ ಶಾಸಕರನ್ನೂ ಕರೆಸಿಕೊಳ್ಳುವ ಕೊಲ್ಲಿಯ ಕನ್ನಡ ಸಂಘಗಳು ಹಾರ ತುರಾಯಿಗಳ ಜೊತೆಗೆ ಅವರ ಕೈಗೆ ಎರಡು ಬೇಡಿಕೆಗಳನ್ನು ಇಡಬಹುದು. ಭಾರತ ನಿಗದಿಪಡಿಸುವ ವೇತನ ಆತಿಥೇಯ ದೇಶದ ಕನಿಷ್ಠ ವೇತನಕ್ಕಿಂತ ಕೆಳಗಿಳಿಯದಂತೆ ನಿಯಮವಾಗಬೇಕು. ಅದನ್ನು ಕರ್ನಾಟಕ ಸರ್ಕಾರ ದೆಹಲಿಯ ಮುಂದೆ ಬಾಯಿಬಿಟ್ಟು ಕೇಳಬೇಕು. ಎರಡನೆಯದು ಆ 300 ರಿಯಾಲಿನ ಊಟದ ಭತ್ಯೆ. ಕನಿಷ್ಠ ವೇತನವನ್ನು ಕಾಲಕಾಲಕ್ಕೆ ಪರಿಶೀಲಿಸಲು ಕತಾರಿನ ಕಾನೂನೇ ಒಂದು ಸಮಿತಿಗೆ ಅವಕಾಶ ಕೊಟ್ಟಿದೆ. ಆ ಪರಿಶೀಲನೆಯಲ್ಲಿ ಅಕ್ಕಿ, ಬೇಳೆ, ಮೀನಿನ ಬೆಲೆಯೂ ಲೆಕ್ಕಕ್ಕೆ ಬರಬೇಕೆಂದು ಭಾರತದ ರಾಯಭಾರ ಕಚೇರಿ ಕೇಳುವಂತೆ ಮಾಡುವುದಕ್ಕೆ ಒಂದು ಮನವಿ ಪತ್ರ ಸಾಕು. ದಿನಸಿಯ ರಸೀದಿಗಳನ್ನು ಅದಕ್ಕೆ ಲಗತ್ತಿಸಲು ಕೈಗಾರಿಕಾ ಪ್ರದೇಶದ ಯಾವ ಕೋಣೆಯವರೂ ಹಿಂಜರಿಯಲಾರರು.