ಗಾಳ ಹಾಕುವ ಮೀನೂ ಅಪ್ಪನ ಮಾತ್ರೆಯೂ

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಮೊಬೈಲ್ ಅಲಾರಂ ಹೊಡೆಯುತ್ತದೆ. ಅಪ್ಪನ ಮಾತ್ರೆಯ ಹೊತ್ತು. 2016ರಲ್ಲಿ ಅವ್ವ ತನ್ನ ಒಂದು ಕಿಡ್ನಿಯನ್ನು ಅಪ್ಪನಿಗೆ ಕೊಟ್ಟಳು. ಕೊಟ್ಟವಳು ಹೆಂಡತಿಯೇ ಆದರೂ ಅಪ್ಪನ ದೇಹಕ್ಕೆ ಆ ಕಿಡ್ನಿ ಹೊರಗಿನದೇ. ದೇಹ ಅದರ ಮೇಲೆ ಯುದ್ಧಕ್ಕೆ ಹೋಗದಂತೆ ತಡೆಯಲು ಜೀವನಪೂರ್ತಿ ಮಾತ್ರೆ ನುಂಗಬೇಕು.

ಕಳೆದ ಮಳೆಗಾಲದಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಮಡಿಕೇರಿ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಎರಡು ದಿನದಿಂದ ಕರೆಂಟಿಲ್ಲ. ಹೊತ್ತು ಹೋಗದೆ, ಫೋನಿನಲ್ಲಿ ಉಳಿಸಿಕೊಂಡಿದ್ದ ಒಂದು ವಿಡಿಯೊ ತೋರಿಸಿದೆ. 2025ರ ಜನವರಿಯಲ್ಲಿ ಟೆನೆರೀಫ್ ದ್ವೀಪದ ಬಳಿ ಹಾಡಹಗಲೇ ನೀರಿನ ಮೇಲೆ ಬಂದ ಆಂಗ್ಲರ್ ಮೀನಿನದು. ನೋಡಲು ರಾಕ್ಷಸಿ, ಅಸಲಿಗೆ ಅಂಗೈಯಲ್ಲಿ ಹಿಡಿಯುವಷ್ಟು. ಬೆಳಕೇ ತಲುಪದ ಆಳದಲ್ಲಿ ಇರುವ ಮೀನು ಇದು. ಹೆಣ್ಣಿನ ಹಣೆಯಿಂದ ಒಂದು ಕಡ್ಡಿ ಚಾಚಿಕೊಂಡಿರುತ್ತದೆ, ಅದರ ತುದಿಯಲ್ಲಿ ಮಿಣಿಮಿಣಿ ಬೆಳಕು. ಆ ಬೆಳಕು ಮೀನಿನದಲ್ಲ, ಅಲ್ಲಿ ವಾಸವಿರುವ ಬ್ಯಾಕ್ಟೀರಿಯಾಗಳದು. ಹತ್ತಿರ ಬಂದದ್ದು ಗುಳುಂ.

ಹಿಂದೆ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ ಅಪ್ಪ, "ಮೀನೇ ಗಾಳ ಹಾಕ್ತದಾ!" ಅಂತ ನಕ್ಕರು.

ಗಂಡಿನ ಕಥೆ ಬೇರೆ. ಅದಕ್ಕೆ ಗಾಳವಿಲ್ಲ, ಗಾತ್ರವೂ ಇಲ್ಲ. ಕೆಲವು ಜಾತಿಗಳಲ್ಲಿ ಹೆಣ್ಣು ಗಂಡಿಗಿಂತ ಅರುವತ್ತು ಪಟ್ಟು ಉದ್ದ. ಗಂಡು ಕತ್ತಲಲ್ಲಿ ವಾಸನೆ ಹಿಡಿದು ಹುಡುಕಿ, ಸಿಕ್ಕಿದ ಹೆಣ್ಣಿನ ಮೈ ಕಚ್ಚುತ್ತದೆ. ವಿಡಿಯೊದಲ್ಲಿದ್ದ ಜಾತಿಯಲ್ಲಿ ಆಮೇಲೆ ಬಿಟ್ಟುಹೋಗುತ್ತದೆ. ಇನ್ನು ಕೆಲವು ಜಾತಿಗಳಲ್ಲಿ ಬಿಡುವುದೇ ಇಲ್ಲ; ಚರ್ಮ ಬೆಸೆದು, ರಕ್ತನಾಳಗಳೂ ಕೂಡಿಕೊಂಡು, ಹೆಣ್ಣಿನ ರಕ್ತದಿಂದಲೇ ಅದರ ಊಟ. 1922ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿಯೊಬ್ಬರು ಹೀಗೆ ಅಂಟಿಕೊಂಡದ್ದನ್ನು ನೋಡಿ ಮರಿ ಅಂದುಕೊಂಡಿದ್ದರಂತೆ. ಮೂರು ವರ್ಷದ ನಂತರ ಲಂಡನ್ನಿನ ಚಾರ್ಲ್ಸ್ ಟೇಟ್ ರೀಗನ್ ಅದು ಗಂಡು ಅಂತ ತೋರಿಸಿದರು.

"ಹಾಗಾದ್ರೆ ಅದಕ್ಕೆ ಮಾತ್ರೆ ಬೇಡ್ವಾ?" ಅಂತ ಅವ್ವ ಕೇಳಿಯೇಬಿಟ್ಟಳು.

ವಿಜ್ಞಾನಿಗಳನ್ನು ಕಾಡಿದ್ದೂ ಇದೇ ಪ್ರಶ್ನೆ. 2020ರಲ್ಲಿ ಜರ್ಮನಿ, ಅಮೆರಿಕದ ತಂಡವೊಂದು ಈ ಮೀನುಗಳ ಜೀನ್‌ಗಳನ್ನು ಓದಿ ಉತ್ತರ ಕೊಟ್ಟಿತು. ಹೀಗೆ ಬೆಸೆದುಕೊಳ್ಳುವ ಕೆಲವು ಜಾತಿಗಳಲ್ಲಿ, ಹೊರಗಿನದನ್ನು ಗುರುತಿಸುವ ಆಂಟಿಬಾಡಿ ಮತ್ತು ಟಿ-ಕೋಶಗಳ ವ್ಯವಸ್ಥೆಗೆ ಬೇಕಾದ ಜೀನ್‌ಗಳೇ ಕೆಟ್ಟುಹೋಗಿವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಫೈರ್‌ವಾಲನ್ನೇ ಅನ್‌ಇನ್‌ಸ್ಟಾಲ್ ಮಾಡಿ ಸರ್ವರ್ ಓಡಿಸಿದ ಹಾಗೆ. ನಾನು ಮಾಡಿದರೆ ಅದೇ ದಿನ ಕೆಲಸ ಹೋಗುತ್ತದೆ! ಮನುಷ್ಯನಿಗೆ ಹಾಗಾದರೆ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ. ಈ ಮೀನು ಮಾತ್ರ, ಹುಟ್ಟಿನಿಂದಲೇ ಬರುವ ಸಾಮಾನ್ಯ ರಕ್ಷಣೆಯನ್ನು ನೆಚ್ಚಿಕೊಂಡು ಬದುಕಿರಬೇಕು ಅನ್ನುತ್ತಾರೆ ಅವರು.

ನನಗೆ ನೆನಪಾದದ್ದು 2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ರಸ್ತೆಗಳೇ ಮಾಯವಾದಾಗ ಅಪ್ಪನ ಡಬ್ಬಿಯಲ್ಲಿ ಉಳಿದದ್ದು ಮೂರು ದಿನದ ಮಾತ್ರೆ. ನಾನು ಆಗಷ್ಟೇ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದೆ. ಮೈಸೂರಿನಲ್ಲಿ ಮಾತ್ರೆ ಕೊಂಡು, ಕುಶಾಲನಗರದಲ್ಲಿ ಗುರುತು ಪರಿಚಯವಿಲ್ಲದ ಜೀಪಿನವರೊಬ್ಬರ ಕೈಗೆ ಪೊಟ್ಟಣ ಕೊಟ್ಟೆ. ಅದು ಮನೆ ಮುಟ್ಟುವಷ್ಟರಲ್ಲಿ ಅಪ್ಪನಿಗೆ ಒಂದು ಹೊತ್ತಿನ ಮಾತ್ರೆ ತಪ್ಪಿತ್ತು. ಮುಂದಿನ ರಕ್ತಪರೀಕ್ಷೆಯ ರಿಪೋರ್ಟ್ ಬರುವವರೆಗೆ ಅವ್ವ ಸರಿಯಾಗಿ ಉಣ್ಣಲಿಲ್ಲ.

ಅಷ್ಟರಲ್ಲಿ ಅಲಾರಂ ಹೊಡೆಯಿತು. ಅವ್ವ ಟಾರ್ಚ್ ಹಿಡಿದು ಡಬ್ಬಿ ತಂದಳು. "ಮೀನಲ್ಲಿ ಗಂಡು ಅಂಟಿಕೊಳ್ಳೋದು. ನಮ್ಮಲ್ಲಿ ಇವಳು ನನ್ನೊಳಗೇ ಬಂದು ಕೂತಿದ್ದಾಳೆ" ಅಂದರು ಅಪ್ಪ. "ಸಾಕು, ನೀರು ಕುಡೀರಿ" ಅಂದಳು. ಈಗ ಪ್ರತಿ ವರ್ಷ ಮೇ ತಿಂಗಳಲ್ಲೇ ಎರಡು ತಿಂಗಳಿಗಾಗುವಷ್ಟು ಮಾತ್ರೆ ತಂದಿಟ್ಟುಬಿಡುತ್ತೇವೆ.